ಅರೆಬಾಗಿಲ ಕೆಳಗಿನ ಕಾಲುಗಳು

ಈ ಕಾಲು ಹೊಸದು, ಇದನ್ನು ಇಲ್ಲಿ ನೋಡಿದ ಹಾಗಿಲ್ಲ, ಎಂದುಕೊಂಡರು ಡಾಕ್ಟರು, ಹೆಡ್‌ಮಾಸ್ತರರ ಹೊಟ್ಟೆಯ ಮೇಲೆ ಎಡಗೈ ಊರಿ ಬಲಗೈ ನಡುಬೆರಳಿನಿಂದ ತಟ್ಟುತ್ತ, ಡಬ್ ಡಬ್, ಗಾಳಿ, ಇಲ್ಲೂ ಗಾಳಿ, ಅಲ್ಲೂ ಗಾಳಿ, ಜೀವಮಾನವೆಲ್ಲ ಪಾಠ ಹೇಳಿ ನಿವೃತ್ತರಾದ ಈ ಮನುಷ್ಯನೊಳಗೆ ಈಗ ಉಳಿದಿರುವುದು ಇದೊಂದೇ, ಆದರೆ ಹಾಗಂತ ಬಾಯಿಬಿಟ್ಟು ಹೇಳುವಂತಿಲ್ಲ, ಗ್ಯಾಸ್ ಅಂತ ಮಾತ್ರ ಹೇಳ್ಬೇಡಿ ಡಾಕ್ಟ್ರೇ, ಗ್ಯಾಸ್ ಆಗಿದ್ರೆ ನಂಗೆ ಗೊತ್ತಾಗಲ್ವಾ, ಇದು ಬೇರೆ, ಇದು ಎಡಗಡೆಯಿಂದ ಹೊರಟು ಬಲಗಡೆ ಬಂದು ಅಲ್ಲಿ ಸ್ವಲ್ಪ ಹೊತ್ತು ಕೂತು ಯೋಚನೆ ಮಾಡಿ ಮತ್ತೆ ವಾಪಸ್ ಹೋಗತ್ತೆ, ಹೂಂ ಹೂಂ ಎನ್ನುತ್ತ ಡಾಕ್ಟರು ಮತ್ತೆ ಬಾಗಿಲ ಕಡೆ ಕಣ್ಣು ಹಾಯಿಸಿದರು. ಅದು ಅರೆಬಾಗಿಲು, ಸ್ಪ್ರಿಂಗಿನದು, ಮೇಲೆ ಖಾಲಿ, ಕೆಳಗೆ ಖಾಲಿ, ನಡುವೆ ಮಾತ್ರ ಮರ್ಯಾದೆಗೆ ಎರಡು ಹಲಗೆ, ಕೆಳಗಿನ ಸಂದಿಯಲ್ಲಿ ಹೊರಗಿನ ಬೆಂಚಿನ ಮೇಲೆ ಕೂತವರ ಕಾಲು ಸಾಲಾಗಿ ಕಾಣುತ್ತವೆ, ಮುಖ ನೋಡುವ ಮೊದಲೇ ಕಾಲು ನೋಡಿ ಕಾಯಿಲೆ ಹೇಳುವುದು ಡಾಕ್ಟರಿಗೆ ಎಷ್ಟೋ ವರ್ಷದ ಚಟ, ಬೇರೆಯವರು ಬೀಡಿ ಸೇದುತ್ತಾರೆ, ಇವರು ಕಾಲು ನೋಡುತ್ತಾರೆ. ಅಗೋ ಆ ಮೊದಲನೆಯದು ಟೈಲರ್, ಬೆಂಚಿನ ಮೇಲೆ ಕೂತಿದ್ದರೂ ಬಲಗಾಲು ಇಲ್ಲದ ಮೆಷಿನ್ನನ್ನು ತುಳಿಯುತ್ತಲೇ ಇದೆ, ಪಕ್ಕದ್ದು ಬಸ್ ಕಂಡಕ್ಟರ್, ನಿಂತೂ ನಿಂತೂ ಮೀನಖಂಡದಲ್ಲಿ ನರ ಹಗ್ಗದಂತೆ ಎದ್ದಿರುತ್ತದೆ, ಪ್ಯಾಂಟು ಮೇಲೆ ಮಾಡಿಕೊಂಡೇ ಕೂರುತ್ತಾನೆ, ಸೆಖೆ ಅಂತ ಅಲ್ಲ, ಡಾಕ್ಟರಿಗೆ ಮೊದಲೇ ಕಾಣಲಿ ಅಂತ. ಅವನ ಆಚೆ, ಗೋಡೆಯ ಕಡೆ, ಈ ಹೊಸ ಕಾಲು. ಹೆಂಗಸಿನದು. ಎರಡೂ ಪಾದ ಜೋಡಿಸಿ ನೆಲಕ್ಕೆ ಊರಿಕೊಂಡಿವೆ, ಅಲುಗಾಟವಿಲ್ಲ, ಹರಡು ಎಲ್ಲಿ, ಹರಡಿನ ಮೂಳೆ ಕಾಣಿಸುತ್ತಲೇ ಇಲ್ಲವಲ್ಲ, ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗಿ ಅದರ ಮೇಲೆ ಒಂದು ಏರಿ, ಕೆಳಗೆ ಇನ್ನೊಂದು ಏರಿ, ಅದೂ ಎರಡೂ ಕಾಲಿಗೆ ಒಂದೇ ಸಮ. ಒಂದು ಕಾಲಾದರೆ ಉಳುಕು, ಪೆಟ್ಟು, ನರ, ಏನೋ ಒಂದು. ಎರಡೂ ಆದರೆ ತಪ್ಪು ಕಾಲಿನದಲ್ಲ, ಕಾಲು ಬರೀ ಸುದ್ದಿ ತಂದಿದೆ ಅಷ್ಟೇ, ಹೃದಯವೋ, ಕಿಡ್ನಿಯೋ, ಲಿವರ್ರೋ, ಒಳಗೆ ಯಾರೋ ಕೈಬಿಟ್ಟಿದ್ದಾರೆ. ಒಂದು ತಿಂಗಳಿನಿಂದ ಈಚಿನದಂತೂ ಅಲ್ಲ.

ಒಂದು ತಿಂಗಳು, ಎಂದು ಡಾಕ್ಟರಿಗೆ ಸಿಟ್ಟು ಬಂತು, ಹೆಡ್‌ಮಾಸ್ತರರ ಹೊಟ್ಟೆಗೆ ಅದರ ಒಂದು ಪಾಲು ಸಿಕ್ಕಿ ಅವರು ಅಯ್ಯಯ್ಯೋ ಎಂದರು, ಒಂದು ತಿಂಗಳಿನಿಂದ ಹೆಂಡತಿ ಊದಿದ ಕಾಲಿನಲ್ಲಿ ಮನೆ ತುಂಬಾ ಓಡಾಡಿಕೊಂಡಿದ್ದಾಳೆ, ಗಂಡ ಅನ್ನಿಸಿಕೊಂಡವನು ಏನು ಮಾಡುತ್ತಿದ್ದ, ಅವನಿಗೆ ಕಣ್ಣಿಲ್ಲವೇ, ಈ ಗಂಡಂದಿರ ಮೇಲೆ ಡಾಕ್ಟರಿಗೆ ಹಳೆಯ ಜಗಳವಿದೆ, ಅದಕ್ಕಾಗಿಯೇ ಒಂದು ಭಾಷಣವೂ ಇದೆ, ಇಡೀ ಬೀದಿಗೆ ಗೊತ್ತಿರುವ ಭಾಷಣ, ಏನ್ರೀ, ಮನೇಲಿ ಟೀವಿ ಕೆಟ್ರೆ ಅವತ್ತೇ ರಿಪೇರಿಯವನಿಗೆ ಫೋನ್ ಮಾಡ್ತೀರಿ, ಹೆಂಡ್ತಿ ಕೆಟ್ರೆ ಅವಳೇ ಸರಿ ಹೋಗ್ಲಿ ಅಂತ ಬಿಡ್ತೀರಾ, ಇಲ್ಲಿಂದ ಶುರುವಾಗಿ ಸ್ಕೂಟರಿಗೆ ಹೋಗಿ, ಸ್ಕೂಟರಿನ ಸರ್ವಿಸಿಂಗಿಗೆ ಹೋಗಿ, ಕೊನೆಗೆ ಗಂಡನೆಂಬ ಪ್ರಾಣಿ ನೆಲ ನೋಡುವ ತನಕ ಅದು ಮುಗಿಯುವುದಿಲ್ಲ. ಬೈಯುವುದಕ್ಕೆ ಅವರಿಗೆ ಹಕ್ಕಿದೆ. ಮಧ್ಯಾಹ್ನದ ಊಟಕ್ಕೆ ತಪ್ಪದೆ ಮನೆಗೆ ಹೋಗುವವರು ಅವರು. ಮಕ್ಕಳ ಸ್ಕೂಲಿನ ಒಂದು ಕಾರ್ಯಕ್ರಮವನ್ನೂ ಬಿಟ್ಟವರಲ್ಲ, ಮಗ ನಾಟಕದಲ್ಲಿ ಮರವಾಗಿ ನಿಂತಿದ್ದಾಗಲೂ ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವರು, ಅಪ್ಪ, ಮರಕ್ಕೆ ಯಾರೂ ಚಪ್ಪಾಳೆ ತಟ್ಟಲ್ಲಪ್ಪ. ಮನೆಯವರೆಲ್ಲರ ಅಂಗಿಯ ಗುಂಡಿ ಹೊಲಿಯುವುದು ಅವರೇ, ಆಪರೇಷನ್ನಿನ ಗಂಟು ಹಾಕಿ, ಅಂಗಿ ಹರಿದರೂ ಗುಂಡಿ ಬೀಳುವುದಿಲ್ಲ. ಭಾನುವಾರ ದಿಂಬಿನ ಕವರುಗಳನ್ನೆಲ್ಲ ಒಗೆದು, ಒಣಗಿಸಿ, ಮೂಲೆಗೆ ಮೂಲೆ ಕೂಡಿಸಿ ಹಾಕುತ್ತಾರೆ. ಯಾರ ಕಾಫಿಗೆ ಎಷ್ಟು ಸಕ್ಕರೆ, ಯಾರಿಗೆ ಬ್ರೆಡ್ಡಿನ ಅಂಚು ಆಗುವುದಿಲ್ಲ, ಯಾವಾಗ ಕೇಳಿದರೂ ಹೇಳುತ್ತಾರೆ. ಅಕ್ಕಪಕ್ಕದ ಮನೆಯ ಹೆಂಗಸರು ನೋಡಿ ಕಲೀರಿ ಅಂತ ಇವರನ್ನು ತೋರಿಸಿ ತೋರಿಸಿ ತಮ್ಮ ಗಂಡಂದಿರ ತಲೆ ತಿಂದು, ಈಗ ಆ ಗಂಡಂದಿರು ಜ್ವರ ಬಂದರೂ ಪಕ್ಕದ ಬೀದಿಯ ಡಾಕ್ಟರ ಹತ್ತಿರ ಹೋಗುತ್ತಾರೆ, ಹೋಗಲಿ, ಅವನೂ ಬದುಕಬೇಕಲ್ಲ.

ಅಂಗಿ ಹಾಕ್ಕೊಳ್ಳಿ ಮೇಷ್ಟ್ರೇ, ಗ್ಯಾಸೇ. ಹೆಡ್‌ಮಾಸ್ತರರ ಮುಖ ಸಣ್ಣದಾಯಿತು, ಪಾಪ, ಒಂದು ಕಾಯಿಲೆಯ ಆಸೆಯಲ್ಲಿ ಬಂದಿದ್ದರು, ಸರಿ, ಅಷ್ಟು ಸಾದಾ ಗ್ಯಾಸ್ ಅಲ್ಲ ಮೇಷ್ಟ್ರೇ, ಸ್ವಲ್ಪ ಅಪರೂಪದ್ದು, ಎಂದರು ಡಾಕ್ಟರು, ಮುದುಕರ ಮುಖ ಅರಳಿತು, ಅದನ್ನೇ ನಾನೂ ಮನೇಲಿ ಹೇಳಿದ್ದು, ಯಾರೂ ಕಿವಿ ಮೇಲೆ ಹಾಕ್ಕೊಳ್ಳಲ್ಲ. ಮನೆಯಲ್ಲಿ ಯಾರೂ ಹಾಕಿಕೊಳ್ಳುವುದಿಲ್ಲ, ನಿಜ, ಡಾಕ್ಟರ ಮನೆಯಲ್ಲಂತೂ ಅದಕ್ಕೆ ಕಾನೂನೇ ಇದೆ. ಆ ಕಾನೂನು ಬಂದದ್ದು ಮಗಳು ಸೀನಿದ್ದರಿಂದ. ಮೂರು ಸಲ ಸೀನಿದಳು, ಎರಡು ವರ್ಷದ ಕೂಸು, ಬೇರೆ ಯಾವ ಅಪ್ಪನಾದರೂ ಮೂಗು ಒರೆಸಿ ಬಿಡುತ್ತಿದ್ದ, ಇವರು ಮಗುವಿನ ಎದೆ ಕೇಳಿದರು, ಕಿವಿಗೆ ಟಾರ್ಚು ಬಿಟ್ಟರು, ಕುತ್ತಿಗೆ ಬಗ್ಗುತ್ತದೋ ಇಲ್ಲವೋ ನೋಡಿದರು, ರಕ್ತ ತೆಗೆದರು, ಅದರಲ್ಲಿ ಏನೂ ಸಿಗದಿದ್ದಕ್ಕೆ ಇನ್ನಷ್ಟು ಹೆದರಿ ಮತ್ತೆ ತೆಗೆದರು, ಕೊನೆಗೆ ಆ ಮಗು ಹತ್ತಿ ಕಂಡರೆ ಅಳುವ ಹಾಗಾಯಿತು, ದಿಂಬು ಕಂಡರೂ ಅಳುತ್ತಿತ್ತು, ಒಳಗೆ ಹತ್ತಿ ಇದೆಯೆಂದು ಯಾರೋ ಹೇಳಿದ್ದರಂತೆ. ಆಮೇಲೆ ಹೆಂಡತಿಗೆ ಒಂದು ದಿನ ತಲೆನೋವು. ಒಲೆಯ ಮುಂದಿನಿಂದ ಅವಳನ್ನು ಎಬ್ಬಿಸಿ, ಕಣ್ಣು ಮುಚ್ಚಿಸಿ, ಬೆರಳಿನಿಂದ ಮೂಗು ಮುಟ್ಟಿಸಿ, ಅಡುಗೆಮನೆಯ ನೆಲದ ಟೈಲ್ಸಿನ ಗೆರೆಯ ಮೇಲೆ ನೆಟ್ಟಗೆ ನಡಿ ಅಂದರು, ಮಿದುಳು ನೋಡುವುದಕ್ಕೆ, ಅವಳು ನೆಟ್ಟಗೇ ನಡೆದಳು, ಅಡುಗೆಮನೆ ದಾಟಿ ನಡುಮನೆ ದಾಟಿ ಬೀದಿ ಬಾಗಿಲ ತನಕ ನಡೆದು ತಿರುಗಿ ನಿಂತು ಹೇಳಿದಳು, ರೀ, ಇಲ್ನೋಡಿ, ಇವತ್ತಿಂದ ಚಪ್ಪಲಿ ಜೊತೆ ಡಾಕ್ಟ್ರನ್ನೂ ಇಲ್ಲೇ ಬಿಟ್ಟು ಒಳಗೆ ಬನ್ನಿ, ನಂಗೆ ಗಂಡ ಸಾಕು, ಮಕ್ಕಳಿಗೆ ಅಪ್ಪ ಸಾಕು, ಯಾರಿಗಾದ್ರೂ ಹುಷಾರಿಲ್ದಿದ್ರೆ ನಾವೇ ಕ್ಲಿನಿಕ್ಕಿಗೆ ಬಂದು ಎಲ್ಲರ ಹಾಗೆ ಟೋಕನ್ ತಗೊಂಡು ಕೂರ್ತೀವಿ. ಡಾಕ್ಟರು ಮುಖ ದಪ್ಪ ಮಾಡಿಕೊಂಡು ಒಪ್ಪಿದರು, ಒಳಗೊಳಗೇ ಬದುಕಿದೆಯಾ ಬಡಜೀವವೇ ಎನ್ನಿಸಿತು, ಯಾಕೆಂದರೆ ಅದು ಜಂಬವಲ್ಲ, ಅಕ್ಕರೆಯ ಅತಿರೇಕವೂ ಅಲ್ಲ, ಭಯ, ಶುದ್ಧ ಭಯ, ಬೇರೆಯವರ ಮಗುವಿನ ಜ್ವರ ಬರೀ ಜ್ವರ, ತನ್ನ ಮಗುವಿನ ಜ್ವರಕ್ಕೆ ಓದಿದ ಪುಸ್ತಕವೆಲ್ಲ ತಲೆಯೊಳಗೆ ತಾನಾಗಿ ತೆರೆದುಕೊಂಡು ಕೊನೆಯ ಪುಟದಲ್ಲೇ ನಿಲ್ಲುತ್ತಿತ್ತು. ಆವತ್ತಿನಿಂದ ಮನೆಯ ಹೊಸ್ತಿಲು ದಾಟಿದ ಕೂಡಲೇ ಅವರ ಕಣ್ಣಿಗೆ ರಜಾ. ಯಾರು ಕೆಮ್ಮಿದರೂ ಪೇಪರ್ ತಿರುವಿ ಹಾಕುತ್ತಾರೆ. ಮಕ್ಕಳು ಕಾನೂನನ್ನು ಅಚ್ಚುಕಟ್ಟಾಗಿ ಪಾಲಿಸಿದರು, ಮಗ ಮುರಿದ ಕೈ ಹಿಡಿದುಕೊಂಡು ಬೆಂಚಿನಲ್ಲಿ ತನ್ನ ಸರದಿಗೆ ಕಾದ, ಮಗಳು ಗಣಿತದ ಪರೀಕ್ಷೆಯ ದಿನ ಹೊಟ್ಟೆ ಹಿಡಿದುಕೊಂಡು ಟೋಕನ್ ತೋರಿಸಿದಳು, ಇವರು ಚೀಟಿಯಲ್ಲಿ ಪರೀಕ್ಷೆ ಬರೆದು ಬಂದು ಕಾಣಿರಿ ಎಂದು ಬರೆದುಕೊಟ್ಟರು, ಈಗ ಅವಳೇ ಗಣಿತ ಮೇಡಮ್ಮು. ಹೆಂಡತಿ ಮಾತ್ರ ಒಂದು ಸಲವೂ ಬಂದವಳಲ್ಲ. ನಮ್ಮ ಮನೆಯಾಕೆ ಹತ್ರ ಬರೋಕೆ ನೆಗಡಿ ಕೂಡ ಹೆದರತ್ತೆ, ಎಂದು ಡಾಕ್ಟರು ಎಲ್ಲರ ಮುಂದೆ ಹೇಳಿಕೊಳ್ಳುತ್ತಾರೆ, ಅವರ ಹೆಮ್ಮೆಯ ಜೋಕು ಅದು.

ಟೈಲರ್ ಒಳಗೆ ಬಂದ, ಅಂಗಿ ಬಿಚ್ಚಿದ, ಬಿಚ್ಚುತ್ತಲೇ ಡಾಕ್ಟರ ಅಂಗಿಯ ಕಾಲರನ್ನು ಮರುಕದಿಂದ ನೋಡಿದ, ಇದನ್ನ ಯಾರು ಹೊಲಿದಿದ್ದು ಡಾಕ್ಟ್ರೇ, ಕೈಗೆ ಸಿಕ್ಕಿದ್ರೆ ನಂಗೆ ಹೇಳಿ. ತಿರುಗಿ, ಎಂದರು ಡಾಕ್ಟರು, ಬೆನ್ನಿಗೆ ಸ್ಟೆಥಾಸ್ಕೋಪ್ ಇಟ್ಟರು, ಉಸಿರು ಎಳ್ಕೊಳ್ಳಿ. ಟೈಲರ್ ಎಳೆದುಕೊಂಡ. ಅವನು ತೆರವು ಮಾಡಿದ ಜಾಗಕ್ಕೆ ಹೊರಗೆ ಬೆಂಚಿನ ಮೇಲೆ ಎಲ್ಲರೂ ಒಂದೊಂದು ಆಳಿನಷ್ಟು ಸರಿದಿದ್ದರು, ಆ ಕಾಲು ಈಗ ಇನ್ನೂ ಹತ್ತಿರ ಬಂದಿದೆ, ಬೆಳಕಿನ ಪಟ್ಟಿಯೊಳಗೆ, ಪಾಪದ ಹೆಂಗಸು, ಚಪ್ಪಲಿ ಬೇರೆ ಒಂದು ಕಡೆ ಕಿತ್ತುಹೋಗಿ ಹೊಲಿಸಿಕೊಂಡಿದ್ದಾಳೆ, ಕಂದು ಪಟ್ಟಿಗೆ ಕಪ್ಪು ದಾರ, ಯಾವ ಚಪ್ಪಲಿಯವನು ಕಂದಿಗೆ ಕಪ್ಪು ಹಾಕುತ್ತಾನೆ, ಅದೂ ಇಷ್ಟು ತೆಳ್ಳಗಿನ ದಾರ, ರೇಷ್ಮೆಯ ಹಾಗೆ ಹೊಳೆಯುತ್ತಿದೆ, ಹೊಲಿಗೆ ಹೊಲಿಗೆಗೂ ಬೇರೆ ಬೇರೆ ಗಂಟು, ಒಂದು ಬಿಚ್ಚಿದರೂ ಇನ್ನೊಂದು ನಿಲ್ಲುವ ಹಾಗೆ, ಗಂಟಿನ ತುದಿ ಎರಡೂ ಒಂದೇ ಅಳತೆಗೆ ಕತ್ತರಿಸಿದ್ದು, ಭಲೇ, ಒಳ್ಳೆ ಕೈ, ಎಂದು ಡಾಕ್ಟರು ಮೆಚ್ಚಿಕೊಂಡರು, ಮೆಚ್ಚಿಕೊಂಡ ಮೇಲೆ ಆ ಕೈ ಯಾರದೆಂದು ಅವರಿಗೆ ತಿಳಿಯಿತು.

ಅವರದೇ. ಹಿಂದಿನೊಂದು ಭಾನುವಾರ, ಬಿಸಿಲು ಮನೆಯ ಮೆಟ್ಟಿಲ ಮೇಲೆ, ಹೆಂಡತಿ ಕಂಬ ಹಿಡಿದು ನಿಂತಿದ್ದಾಳೆ, ರೀ, ಈ ಚಪ್ಪಲಿ ಯಾಕೋ ಈಚೆಗೆ ಬಿಗಿ ಆಗ್ತಿದೆ, ನೋಡಿ, ಪಟ್ಟಿ ಕಿತ್ತೇ ಬಂತು, ಕೊಡು ಇಲ್ಲಿ, ಎಂದು ಇವರು ಅದನ್ನು ಕಸಿದುಕೊಂಡರು, ಅಗ್ಗದ ಚರ್ಮ ಕಣೇ, ಬೆವರಿಗೆ ಕುಗ್ಗತ್ತೆ, ಎಂದು ಕಾರಣವನ್ನೂ ಕೊಟ್ಟರು, ಚರ್ಮದ ವಿಷಯ ಅವರಿಗೇನು ಗೊತ್ತು, ಆದರೂ ಕೊಟ್ಟರು, ಪೆಟ್ಟಿಗೆಯಿಂದ ಬಾಗಿದ ಸೂಜಿ ತೆಗೆದರು, ಗಾಯ ಹೊಲಿಯುವ ದಾರ ತೆಗೆದರು, ಕನ್ನಡಕ ಏರಿಸಿ ತುಟಿ ಕಚ್ಚಿಕೊಂಡು ಒಂದು, ಎರಡು, ಮೂರು, ಎಲ್ಲಿ ಕಾಲು ಚಾಚು, ಅಳತೆ ನೋಡೋಣ, ಅವಳು ಚಾಚಿದಳು, ಆ ಕಾಲನ್ನು ಇವರು ಇದೇ ಕೈಯಲ್ಲಿ ಹಿಡಿದಿದ್ದರು, ತೊಡೆಯ ಮೇಲೆ ಇಟ್ಟುಕೊಂಡಿದ್ದರು, ಪಟ್ಟಿ ಕೂರುವುದೇ ಕಷ್ಟವಾಗಿ ಎಳೆದೆಳೆದು ಸೇರಿಸಿದ್ದರು, ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡಿದರು, ಚಪ್ಪಲಿಯನ್ನು. ನೋಡು, ಇನ್ನು ಹತ್ತು ವರ್ಷಕ್ಕೆ ಚಿಂತೆಯಿಲ್ಲ. ಪಕ್ಕದ ಮನೆಯವರನ್ನೂ ಕರೆದು ತೋರಿಸಿದರು, ಪಕ್ಕದ ಮನೆಯಾಕೆ ತನ್ನ ಗಂಡನನ್ನು ಕರೆದು ತೋರಿಸಿದಳು, ಆ ಗಂಡ ಎಂದಿನಂತೆ ಕೆಂಡ ಕಾರಿದ. ಅವಳು ಏನೋ ಹೇಳಲು ಬಾಯಿ ತೆರೆದಿದ್ದಳಲ್ಲವೇ, ತೆರೆದಿದ್ದಳು, ಆಮೇಲೆ ನಕ್ಕು, ಚೆನ್ನಾಗಿದೆ ರೀ, ಎಂದು ಒಳಗೆ ಹೋದಳು. ಚಪ್ಪಲಿಗೆ ಚಿಕಿತ್ಸೆ ಮಾಡಿದೆನಲ್ಲೋ, ಎಂದು ಡಾಕ್ಟರು ತಮಗೆ ತಾವೇ ಹೇಳಿಕೊಂಡರು, ಕಾಲು ತೊಡೆಯ ಮೇಲಿತ್ತು, ಚಪ್ಪಲಿಗೆ ಚಿಕಿತ್ಸೆ ಮಾಡಿದೆ. ಡಾಕ್ಟ್ರೇ, ಎಂದು ಎಲ್ಲಿಂದಲೋ ಕೀರಲು ದನಿ ಬಂತು, ಟೈಲರ್, ಮುಖ ಕೆಂಪಾಗಿ ಕಣ್ಣು ಮೇಲಾಗಿದೆ, ಉಸಿರು ಬಿಡ್ಲಾ. ಬಿಡಿ ಬಿಡಿ. ಅವನು ಬಿಟ್ಟ ರಭಸಕ್ಕೆ ಮೇಜಿನ ಮೇಲಿನ ಚೀಟಿಗಳು ಹಾರಿದವು. ಶ್ವಾಸಕೋಶ ಪರವಾಗಿಲ್ಲ ನಿಮ್ದು.

ಎದ್ದು ಹೋಗಿ ಅರೆಬಾಗಿಲ ಮೇಲಿನಿಂದ ಇಣುಕಿದರು. ಅವಳೇ. ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಟೋಕನ್ ಇಟ್ಟುಕೊಂಡು, ಎದುರು ಗೋಡೆಯ ಮೇಲಿನ ಊಟಕ್ಕೆ ಮುಂಚೆ ಕೈ ತೊಳೆಯಿರಿ ಎಂಬ ಚಿತ್ರವನ್ನು ಮೊದಲ ಸಲ ಓದುವವಳಂತೆ ಓದುತ್ತಿದ್ದಾಳೆ, ಮನೆಯಲ್ಲಿ ಇವರಿಗೆ ದಿನಾ ಹೇಳುವವಳೇ ಅವಳು. ಬಾ ಒಳಗೆ, ಎಂದು ಹುಬ್ಬಿನಲ್ಲಿ ಕರೆದರು. ಅವಳು ಟೋಕನ್ ಎತ್ತಿ ತೋರಿಸಿ, ಪಕ್ಕದ ಕಂಡಕ್ಟರನ ಕಡೆ ಗಲ್ಲ ಆಡಿಸಿದಳು, ಸರದಿ ಅವನದು. ಕಾಂಪೌಂಡರ್ ಗಾಜಿನ ಹಿಂದೆ ಮಾತ್ರೆ ಎಣಿಸುವವನಂತೆ ತಲೆ ತಗ್ಗಿಸಿಕೊಂಡಿದ್ದ, ನಾನೇನ್ ಮಾಡ್ಲಿ ಡಾಕ್ಟ್ರೇ, ಅಮ್ಮಾವ್ರು ಟೋಕನ್ ಕೊಡು ಅಂದ್ರು, ಕೊಟ್ಟೆ, ಹೇಳ್ಬೇಡ ಅಂದ್ರು, ಹೇಳ್ಲಿಲ್ಲ. ಕಂಡಕ್ಟರ್ ಒಳಗೆ ಬಂದು ಮೊಣಕಾಲಿನ ಕಥೆ ಶುರು ಮಾಡಿದ, ಬಸ್ಸಿನಲ್ಲಿ ಮುಂದೆ ಹೋಗಿ ಮುಂದೆ ಹೋಗಿ ಅಂತ ಎಲ್ಲರಿಗೂ ಹೇಳ್ತೀನಿ ಡಾಕ್ಟ್ರೇ, ನಂಗೇ ಹೋಗೋಕಾಗಲ್ಲ, ಡಾಕ್ಟರು ಮೊಣಕಾಲು ಹಿಡಿದರು, ಬಗ್ಗಿಸಿದರು, ಕಟಕಟ ಅಂತು, ಅವರಿಗೆ ಕೇಳಿಸಿದ್ದು ಬೇರೆ ಏನೋ, ಹೃದಯವಾದರೆ ಕುತ್ತಿಗೆಯ ನರ ಉಬ್ಬಿರಬೇಕು, ಇಣುಕಿದಾಗ ನೋಡಬೇಕಿತ್ತು, ಸೆರಗು ಅಡ್ಡ ಇತ್ತು, ಕಿಡ್ನಿಯಾದರೆ ಬೆಳಗ್ಗೆ ಮುಖ ಊದಿರಬೇಕು, ಬೆಳಗ್ಗೆ ಅವಳ ಮುಖ ಹೇಗಿತ್ತು, ಇವತ್ತು ಬೆಳಗ್ಗೆ, ಕಾಫಿ ಕೊಟ್ಟಳು, ಸಕ್ಕರೆ ಸರಿಯಾಗಿತ್ತು, ಮುಖ, ಮುಖ ಹೇಗಿತ್ತು. ಯಾವುದೋ ಚೀಟಿ ಬರೆದು ಕೊಟ್ಟು ಕಳಿಸಿದರು. ಕಾಂಪೌಂಡರ್ ಚೀಟಿ ಹಿಡಿದು ಬಂದು ಬಾಗಿಲ ಮೇಲೆ ಮುಖ ಇಟ್ಟ, ಡಾಕ್ಟ್ರೇ, ಮೊಣಕಾಲಿಗೆ ಕೆಮ್ಮಿನ ಔಷಧಿ ಬರ್ದಿದೀರಲ್ಲ, ಇದನ್ನ ಅವ್ರು ಕುಡೀಬೇಕಾ, ಹಚ್ಕೋಬೇಕಾ. ಹರಿದು ಹಾಕು, ನೋವಿನ ಮುಲಾಮು ಕೊಡು, ಆಮೇಲೆ ಯಾರಿದಾರೆ ಕಳಿಸು. ಯಾರಿದ್ದಾರೆಂದು ಗೊತ್ತಿದ್ದೂ ಹಾಗೆ ಕೇಳಿದರು.

ಅರೆಬಾಗಿಲು ಕಿರ್ರೆಂದಿತು. ನಮಸ್ಕಾರ ಡಾಕ್ಟ್ರೇ, ಎಂದಳು ಹೆಂಡತಿ. ಕೂತ್ಕೊಳ್ಳಿ, ಎಂದರು ಡಾಕ್ಟರು, ನಾಲಿಗೆಗೆ ಈ ಕೋಣೆಯಲ್ಲಿ ಬೇರೆ ಅಭ್ಯಾಸವಿಲ್ಲ, ಅವಳು ಕುರ್ಚಿಯಲ್ಲಿ ಕೂತು ಸುತ್ತ ನೋಡಿದಳು, ಪರವಾಗಿಲ್ಲ, ಇಲ್ಲಿ ಮರ್ಯಾದೆ ಚೆನ್ನಾಗಿ ಕೊಡ್ತೀರಿ. ಏನಾಗಿದೆ. ಕಾಲು ಊದಿದೆ. ಎಷ್ಟು ದಿನದಿಂದ. ನಮ್ಮನೆಯವರು ಚಪ್ಪಲಿ ಹೊಲಿದು ಕೊಟ್ರಲ್ಲ, ಅದಕ್ಕೂ ಮುಂಚಿನಿಂದ. ಮನೇಲಿ ಯಾಕೆ ಹೇಳ್ಲಿಲ್ಲ, ಎಂದರು ಇವರು, ದನಿ ಸ್ವಲ್ಪ ಏರಿತು, ಹೊರಗೆ ಬೆಂಚು ಕಿವಿಗೊಟ್ಟಿತು. ಮನೇಲಿ ಡಾಕ್ಟ್ರು ಇರ್ಲಿಲ್ಲ, ಎಂದಳು ಅವಳು. ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಕಾನೂನು ಮಾಡಿದ್ದು ನಾನೇ, ನಾನೇ ಮುರಿಯೋದು ಹೇಗೆ ಅಂತ ಸುಮ್ಮನಿದ್ದೆ, ಮೊನ್ನೆ ಮಗಳು ಬಂದಾಗ ನೋಡಿ, ನಿಮಗೆ ಫೋನ್ ಮಾಡಿ ಹೇಳ್ತೀನಿ ಅಂದ್ಲು, ಬೇಡ ಕಣೇ, ಎಲ್ಲರ ಹಾಗೆ ಹೋಗ್ತೀನಿ ಅಂದೆ, ಆಮೇಲೆ ನಿಮ್ಮ ಆ ಭಾಷಣ ಬೇರೆ ಕೇಳ್ಬೇಕಿತ್ತು, ಟೀವಿ ರಿಪೇರಿದು, ಹೊರಗೆ ಎಲ್ಲ ಹೇಳ್ತಿದ್ರು, ಗಂಡಂದಿರಿಗೆ ಚೆನ್ನಾಗಿ ಬೈತಾರಂತೆ. ಭಾಷಣ ಹೇಳಬೇಕಾದವರು ಸ್ಟೂಲನ್ನು ಅವಳ ಮುಂದಕ್ಕೆ ಎಳೆದರು.

ಕಾಲು ಸ್ಟೂಲಿನ ಮೇಲಿಡು, ಎಂದರು, ಏಕವಚನ ತಾನಾಗಿ ವಾಪಸ್ ಬಂದಿತ್ತು, ಆದರೆ ಸ್ಟೂಲು ಎತ್ತರವಾಯಿತು, ಅವಳಿಗೆ ನೋಯುತ್ತದೆ, ಬೇಡ, ಎಂದು ತಾವೇ ಕೆಳಗೆ ಕೂತರು, ಕೂರುವಾಗ ಅವರ ಮೊಣಕಾಲೂ ಕಂಡಕ್ಟರನದರ ಹಾಗೆ ಕಟಕಟ ಎಂದಿತು, ಚಪ್ಪಲಿ ಬಿಚ್ಚಿದರು, ತಾವೇ ಹಾಕಿದ ಹೊಲಿಗೆ, ಸ್ವಲ್ಪವೂ ಸಡಿಲವಾಗಿರಲಿಲ್ಲ, ಅದು ಕೂತ ಜಾಗದಲ್ಲಿ ಚರ್ಮದ ಮೇಲೆ ಬಾವಿಗಟ್ಟೆಗೆ ಹಗ್ಗ ಉಜ್ಜಿದ ಹಾಗೆ ಗುರುತು. ಹರಡಿನ ಮೇಲೆ ಹೆಬ್ಬೆರಳು ಇಟ್ಟು ಒತ್ತಿದರು, ದಿನಕ್ಕೆ ಎಷ್ಟು ಕಾಲು ಒತ್ತಿದ ಹೆಬ್ಬೆರಳು ಅದು, ಒತ್ತಿ ಮನಸ್ಸಿನಲ್ಲೇ ಎಣಿಸಿ ತೆಗೆದರು. ಕುಳಿ ಬಿತ್ತು. ಚಿಕ್ಕದು, ಹೆಬ್ಬೆರಳಿನ ಅಳತೆಯದು, ನುಣ್ಣಗಿನ ಕುಳಿ, ಒಳಗೆ ನೀರು ನಿಂತರೆ ಹೀಗೆ ಬೀಳುತ್ತದೆ, ತುಂಬುವುದು ತಡವಾದಷ್ಟೂ ನೀರು ಹೆಚ್ಚು. ಮೆಟ್ಟಿಲು ಹತ್ತುವಾಗ ಏದುಸಿರು ಬರತ್ತಾ. ಹತ್ತುವಾಗ ನೀವೇ ಹಿಂದೆ ಉಳೀತೀರಿ, ನಾನು ಮೇಲೆ ನಿಂತು ಕಾಯ್ತೀನಿ, ಗೊತ್ತಿಲ್ವಾ. ಹೌದು, ಹಾಗಾದರೆ ಹೃದಯ ಅಲ್ಲದೆ ಇರಬಹುದು, ಇರಬಹುದು ಅಷ್ಟೇ. ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಾ, ಎಂದು ಬಾಯಿಪಾಠದಂತೆ ಮುಂದಿನ ಪ್ರಶ್ನೆ ಕೇಳಿಬಿಟ್ಟರು, ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು, ಪಕ್ಕದಲ್ಲಿ ಮಲಗುವವರು ಕೇಳುವ ಪ್ರಶ್ನೆಯೇ ಅದು, ಎರಡು, ಎಂದಳು ಅವಳು. ಎರಡು, ಹೌದು, ಎರಡು, ಭಾನುವಾರ ಒಂದು ಕವರು ಜಾಸ್ತಿ ಒಗೆದೆನಲ್ಲ, ಮೂಲೆಗೆ ಮೂಲೆ ಕೂಡಿಸಿದೆನಲ್ಲ, ಯಾಕೆ ಜಾಸ್ತಿ ಎಂದು ಕೇಳಲಿಲ್ಲವಲ್ಲ, ಹೃದಯ ಸೋತರೆ ಒಂದೇ ದಿಂಬಿನಲ್ಲಿ ಉಸಿರು ಕಟ್ಟುತ್ತದೆ, ಅದಕ್ಕೇ ಎರಡು, ಪುಸ್ತಕ ತೆರೆದುಕೊಂಡಿತು, ಕೊನೆಯ ಪುಟ. ಒಂದು ತಲೆಗೆ, ಎಂದಳು ಅವಳು ಇವರ ಮುಖ ನೋಡಿ, ಇನ್ನೊಂದು ಕಾಲಿಗೆ, ಕಾಲು ಮೇಲಿಟ್ರೆ ಊತ ಇಳಿಯತ್ತೆ ಅಂತ ಪಕ್ಕದ ಮನೆಯವ್ರು ಹೇಳಿದ್ರು. ಡಾಕ್ಟರು ಉಸಿರು ಬಿಟ್ಟರು, ಟೈಲರ್ ಬಿಟ್ಟ ಹಾಗೆ. ಕುಳಿ ಅಲ್ಲೇ ಇತ್ತು.

ಕಿಡ್ನಿ, ಲಿವರ್, ಪರೀಕ್ಷೆಗೆ ಬರೆಯಬೇಕು, ಇವತ್ತೇ, ಎದೆಯನ್ನೂ ಕೇಳಬೇಕು, ಸ್ಟೆಥಾಸ್ಕೋಪ್ ಕುತ್ತಿಗೆಯಲ್ಲೇ ಇದೆ, ಕಿವಿಗೆ ಹಾಕಿಕೊಳ್ಳುವುದಕ್ಕೆ ಕೈ ಬರುತ್ತಿಲ್ಲ, ಮೊದಲು ಇನ್ನೊಂದು ಪ್ರಶ್ನೆ, ಮಾತ್ರೆ ಏನಾದ್ರೂ ತಗೋತಿದೀರಾ. ಬಿ.ಪಿ.ದು, ನೀವೇ ತಂದಿಟ್ಟಿದ್ದು, ಮಗಳು ಬಿ.ಪಿ. ಮೆಷಿನ್ ತಂದು ಎಲ್ಲರದ್ದೂ ನೋಡಿದಾಗ ಸಕ್ಕರೆ ಡಬ್ಬಿ ಪಕ್ಕ ಇಟ್ರಲ್ಲ. ಹೌದು, ಇಟ್ಟಿದ್ದರು, ಕಾನೂನು ಮುರಿಯದ ಹಾಗೆ, ಒಂದು ಮಾತೂ ಆಡದೆ, ದಿನಾ ಒಂದು ಎಂದು ಡಬ್ಬಿಯ ಮೇಲೆ ಬೆರಳಿನಲ್ಲಿ ತೋರಿಸಿ. ದಿನಾ ಒಂದು ತಾನೇ. ಈಗ ಎರಡು. ಯಾರು ಹೇಳಿದ್ರು ಎರಡು. ನೀವೇ, ಒಂದಿನ ತಲೆ ಭಾರ ಅಂದೆ, ಗಡ್ಡ ಮಾಡ್ಕೋತಿದ್ರಿ, ಕನ್ನಡಿಯಿಂದ ಈ ಕಡೆ ತಿರುಗ್ಲಿಲ್ಲ, ಹಾಗಾದ್ರೆ ಎರಡು ತಗೋ ಅಂದ್ರಿ. ಡಾಕ್ಟರಿಗೆ ನೆನಪಿಲ್ಲ, ಕನ್ನಡಿ ನೆನಪಿದೆ, ನೊರೆ ನೆನಪಿದೆ, ಮಾತು ನೆನಪಿಲ್ಲ. ಆದರೆ ಆ ಮಾತ್ರೆ, ಆ ಮಾತ್ರೆ ಎರಡಾದರೆ ಕೆಲವರಿಗೆ ಕಾಲು ಊದುತ್ತದೆ, ಎಳೆಯ ಡಾಕ್ಟರಿಗೂ ಗೊತ್ತು, ಬಿಟ್ಟರೆ ಇಳಿಯುತ್ತದೆ, ಹೃದಯಕ್ಕೆ ಏನೂ ಆಗಿರುವುದಿಲ್ಲ, ಕಿಡ್ನಿಗೆ ಏನೂ ಆಗಿರುವುದಿಲ್ಲ, ಆಗಿರುವುದು ಗಂಡನೊಬ್ಬನಿಗೆ ಮಾತ್ರ, ಅದೇ ಆಗಿರಲಿ, ಎಂದು ಡಾಕ್ಟರು ನೆಲದ ಮೇಲೆ ಕೂತಲ್ಲೇ ಬೇಡಿಕೊಂಡರು, ಇಷ್ಟು ವರ್ಷ ತನ್ನ ಕೈಯಿಂದ ತಪ್ಪಾಗದಿರಲಿ ಎಂದು ದಿನ ಬೆಳಗಾದರೆ ಬೇಡಿಕೊಂಡವರು ಮೊದಲ ಸಲ ತಿರುಗಿಸಿ ಬೇಡಿಕೊಂಡರು, ತಪ್ಪು ನಂದೇ ಆಗಿರಲಿ, ಪೂರ್ತಿ ನಂದೇ ಆಗಿರಲಿ, ಬೀದಿಯವರೆಲ್ಲ ಬಂದು ಬೈಯಲಿ, ಪಕ್ಕದ ಬೀದಿಯ ಡಾಕ್ಟರೂ ಬಂದು ಬೈಯಲಿ, ಅವಳಿಗೆ ಏನೂ ಆಗಿರದಿರಲಿ. ಡಾಕ್ಟ್ರೇ, ಎಂದ ಕಾಂಪೌಂಡರ್ ಹೊರಗಿನಿಂದ, ಮುಂದಿನವ್ರನ್ನ ಕಳಿಸ್ಲಾ, ಇರಪ್ಪ, ಎಂದವಳು ಹೆಂಡತಿ, ಡಾಕ್ಟ್ರು ನೋಡ್ತಿದಾರೆ. ಅವಳ ಕೈ ಇವರ ತಲೆಯ ಮೇಲೆ ಬಂತು, ರೀ, ಏಳಿ, ಹೆದರ್ಕೋಬೇಡಿ, ನೋಡಿ ಏನು ಅಂತ ಹೇಳಿ, ಇವರು ಏಳಲಿಲ್ಲ, ಏಳುವುದೇ ಬೇಡ, ಈ ಕುಳಿ ತುಂಬಲಿ, ಇದು ತುಂಬಿದ ಮೇಲೆ ಎದ್ದು ಎದೆ ಕೇಳುತ್ತೇನೆ, ಕೇಳಿ ಹೇಳುತ್ತೇನೆ, ಬೇರೆಯವರ ಕಾಲಿನಲ್ಲಾದರೆ ಇಷ್ಟು ಹೊತ್ತಿಗೆ ತುಂಬಿರುತ್ತಿತ್ತು, ತುಂಬುತ್ತದೆ, ಅಂಚು ಸ್ವಲ್ಪ ಮೇಲೆ ಬಂದ ಹಾಗಿಲ್ಲವೇ, ಬೆಳಕಿಗೆ ಹಾಗೆ ಕಂಡಿತೇನೋ, ಕನ್ನಡಕ ಏರಿಸಿ ಮತ್ತೆ ನೋಡಿದರು, ತನ್ನ ಹೆಬ್ಬೆರಳಿನ ಅಳತೆಯ ಕುಳಿ, ಅವಳ ಕಾಲಿನಲ್ಲಿ, ಇನ್ನೂ ತುಂಬಿರಲಿಲ್ಲ.